ಅಪಧಮನಿಯ ಮರಿಗೆ ಏನು ಹೆಸರು?

ಎಲ್ಲರಿಗೂ ನಮಸ್ಕಾರ.

ರಕ್ತದೊತ್ತಡದ ಬಗ್ಗೆ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಆರ್ಟರಿಯೋಲ್' ಎಂಬಲ್ಲಿ ಬಂದು ನಿಂತುಬಿಟ್ಟಿದ್ದೇನೆ. ಅಪಧಮನಿ ಕವಲೊಡೆಯುತ್ತಾ ಹೋಗಿ, ಲೋಮನಾಳ ಆಗುವುದಕ್ಕೆ ಮೊದಲು ಸಿಗುವ ಸಣ್ಣ ನಾಳ ಇದು. ಅಪಧಮನಿ, ಅಭಿಧಮನಿ, ಲೋಮನಾಳ ಮೂರನ್ನೂ ಶಾಲೆಯಲ್ಲೇ ಓದಿದ್ದೇವೆ. ಇದೊಂದಕ್ಕೆ ಮಾತ್ರ ಬಳಕೆಯ ಹೆಸರು ನನ್ನ ನಾಲಿಗೆಗೆ ಬರುತ್ತಿಲ್ಲ.

ಮೊದಲು 'ಕಿರುಧಮನಿ' ಅಂತ ಬರೆದೆ. ಕಿರುಬೆರಳು, ಕಿರುನಾಲಿಗೆ ಇದ್ದ ಹಾಗೆ. ಮುಂದಿನ ಪುಟದಲ್ಲೇ 'ವೆನ್ಯೂಲ್' ಬಂತು, ಅಂದರೆ ಅಭಿಧಮನಿಯ ಮರಿ. ಅದೂ ಕಿರುಧಮನಿಯೇ ಅಲ್ವಾ? ಹಿಂದಿಯವರಿಗೆ ಈ ತಲೆನೋವಿಲ್ಲ. ಅವರಲ್ಲಿ ಒಂದು ಧಮನಿ, ಇನ್ನೊಂದು ಶಿರಾ. ಮರಿಗಳು ಧಮನಿಕಾ, ಶಿರಿಕಾ. ನಾವು ಎರಡನ್ನೂ ಧಮನಿ ಎಂದು ಕರೆದು, ಹೃದಯದಿಂದ ಆಚೆ ಹೋಗುವುದಕ್ಕೆ 'ಅಪ', ಅದರ ಕಡೆ ಬರುವುದಕ್ಕೆ 'ಅಭಿ' ಸೇರಿಸಿದ್ದೇವೆ. ಜಾಣ ಹೆಸರೇ, ಆದರೆ ಅಪಘಾತ, ಅಪಶಕುನ ಕೇಳಿದ ಕಿವಿಗೆ ಆ 'ಅಪ' ಸ್ವಲ್ಪ ಚುಚ್ಚುತ್ತದೆ. ಇನ್ನು 'ಕಿರು' ಸೇರಿಸಿ ಸಂಧಿ ಮಾಡಿದರೆ 'ಕಿರಪಧಮನಿ'. ಇದನ್ನು ಓದಿದರೆ ರೋಗಿಯ ಬೀಪಿ ಇನ್ನೂ ಜಾಸ್ತಿ ಆದೀತು!

ಅಪಧಮನಿಗೂ ಲೋಮನಾಳಕ್ಕೂ ನಡುವಿನದು ತಾನೇ, 'ಕೊಂಡಿನಾಳ' ಅನ್ನು ಎಂದ ಗೆಳೆಯ. ಮೂತ್ರಪಿಂಡದಲ್ಲಿ ಅದು ಕೈಕೊಡುತ್ತದೆ. ಅಲ್ಲಿ ಲೋಮನಾಳಗಳ ಗಂಟಿಗೆ ರಕ್ತ ತರುವುದೂ ಆರ್ಟರಿಯೋಲೇ, ಆ ಗಂಟಿನಿಂದ ಹೊರಗೆ ಒಯ್ಯುವುದೂ ಆರ್ಟರಿಯೋಲೇ.

ಹಾಗಾದರೆ ಕೆಲಸ ನೋಡಿ ಹೆಸರಿಡಬಹುದಾ? ಈ ನಾಳದ ಗೋಡೆಯಲ್ಲಿ ಸ್ನಾಯು ಇದೆ. ಅದು ಬಿಗಿದರೆ ಮುಂದಕ್ಕೆ ಹೋಗುವ ರಕ್ತ ಕಡಿಮೆ, ಸಡಿಲಿಸಿದರೆ ಜಾಸ್ತಿ. ಚಳಿಗೆ ಬೆರಳು ಬಿಳಿಚಿಕೊಳ್ಳುವುದು, ನಾಚಿಕೆಗೆ ಕೆನ್ನೆ ಕೆಂಪಾಗುವುದು ಇದರದೇ ಆಟ. ಒಳಗಿನ ಅಗಲ ಅರ್ಧಕ್ಕೆ ಇಳಿದರೆ ಹರಿವಿಗೆ ತಡೆ ಸುಮಾರು 16 ಪಟ್ಟು ಏರುತ್ತದೆ. ನನ್ನ ಕೈಪಿಡಿಗೆ ಈ ನಾಳ ಬೇಕಾಗಿರುವುದೂ ಇದಕ್ಕೇ. ಓದುತ್ತಾ ನನಗೆ ನೆನಪಾದದ್ದು ಕೆರೆಯ ತೂಬು. ಎಷ್ಟು ತೆರೆದರೆ ಅಷ್ಟು ನೀರು ಗದ್ದೆಗೆ. 'ತೂಬುನಾಳ' ಎಂದರೆ ಹಳ್ಳಿಯವರಿಗೆ ವಿವರಣೆಯೇ ಬೇಡ. ಕೆರೆಯನ್ನೇ ನೋಡದ ಪೇಟೆಯ ಹುಡುಗರಿಗೆ?

ಸದ್ಯಕ್ಕೆ ಸಂಧಿ ಮಾಡದೆ 'ಕಿರು ಅಪಧಮನಿ' ಎಂದು ಬಿಡಿಸಿ ಬರೆದು, ತೂಬಿನ ಹೋಲಿಕೆಯನ್ನು ಪಕ್ಕದಲ್ಲಿ ಇಟ್ಟಿದ್ದೇನೆ. ಇಲ್ಲಿ ಡಾಕ್ಟರು, ನರ್ಸುಗಳು ಇದ್ದರೆ ದಯವಿಟ್ಟು ಹೇಳಿ: ರೋಗಿಯ ಎದುರು ಕೂತಾಗ ಇದನ್ನು ನೀವು ಏನಂತ ಕರೆಯುತ್ತೀರಿ?