ಕಾಫಿ ಲೇಬಲ್‌ಗೆ ಸಿರಿಲಿಕ್ ಲಿಪಿ: ರಷ್ಯನ್, ಉಕ್ರೇನಿಯನ್, ಕಝಕ್ ಮೂರಕ್ಕೂ ಒಂದೇ ಫೈಲ್ ಸಾಕಾ?

ಡಿಟಿಪಿ ಹಾಸನ:
ಸಕಲೇಶಪುರದ ಕಾಫಿಪುಡಿಗೆ ಲೇಬಲ್ ಆಗಬೇಕು. ಮಾಲು ರಷ್ಯಾ, ಉಕ್ರೇನ್, ಕಝಾಕಿಸ್ತಾನಕ್ಕೆ. ಲಿಪಿ ಒಂದೇ ಅಲ್ವಾ, ರಷ್ಯನ್ ಸಾಲುಗಳನ್ನೇ ಮೂರಕ್ಕೂ ಹಾಕಬಹುದಾ? ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ಪೇಸ್ಟ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆ. ಕೋರೆಲ್‌ನಲ್ಲಿ ಕಝಕ್ ಸಾಲಿಗೆ ಮಾತ್ರ ಖಾಲಿ ಚೌಕ. "ಹಾಸನ" ಬರೆಯೋದು ಹೇಗೆ?

ಲಿಪಿಕಾರ:
ಆಗಲ್ಲ ಸರ್. ಮರಾಠಿಗೂ ಹಿಂದಿಗೂ ಲಿಪಿ ಒಂದೇ ಅಂತ ಹಿಂದಿ ಲೇಬಲ್ಲನ್ನೇ ಮರಾಠಿ ಅಂತ ಕೊಟ್ಟ ಹಾಗಾಗುತ್ತೆ. ಕಾಫಿಗೆ ರಷ್ಯನ್‌ನಲ್ಲೂ ಕಝಕ್‌ನಲ್ಲೂ "ಕೋಫೆ", ಉಕ್ರೇನಿಯನ್‌ನಲ್ಲಿ "ಕಾವಾ". ಭಾರತಕ್ಕೆ ಕಝಕ್‌ನಲ್ಲಿ "ಉಂದಿಸ್ತಾನ್", ಅದರ ಮೊದಲ ಅಕ್ಷರವೇ ರಷ್ಯನ್ ವರ್ಣಮಾಲೆಯಲ್ಲಿಲ್ಲ.

ರಷ್ಯನ್‌ಗೆ 33 ಅಕ್ಷರ, ಉಕ್ರೇನಿಯನ್‌ಗೂ 33, ಆದರೆ ಅವೇ 33 ಅಲ್ಲ: ರಷ್ಯನ್‌ನ ನಾಲ್ಕು ಇಲ್ಲ, ಬೇರೆ ನಾಲ್ಕಿವೆ. ಕಝಕ್‌ಗೆ 42, ರಷ್ಯನ್‌ನ ಎಲ್ಲವೂ ಸೇರಿ ಮೇಲೆ ಒಂಬತ್ತು. ನಿಮ್ಮ ಚೌಕಗಳು ಆ ಒಂಬತ್ತರಲ್ಲಿ ಬಂದವು, ಫಾಂಟ್ ರಷ್ಯನ್‌ವರೆಗೆ ಮಾತ್ರ ಇದೆ. ನೋಟೊ ಸಾನ್ಸ್ ಫಾಂಟ್ ಹಾಕಿ. ಕಝಾಕಿಸ್ತಾನದ ಲೇಬಲ್‌ಗೆ ಕಝಕ್, ರಷ್ಯನ್ ಎರಡೂ ಬೇಕು, ಜಾಗ ಬಿಟ್ಟುಕೊಳ್ಳಿ.

ಪೇಜ್‌ಮೇಕರ್‌ಗೆ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆ) ಗೊತ್ತಿಲ್ಲ, ಅದರ ಜೊತೆ ಗುದ್ದಾಡಬೇಡಿ.

ಮಲೆನಾಡ ಮುದ್ರಕ:
ಹಾಸನಕ್ಕೆ ಬರೋಣ. ರಷ್ಯನ್‌ನಲ್ಲಿ ನಮ್ಮ "ಹ" ಇಲ್ಲ, ಗಂಟಲಿನ "ಖ" ಹಾಕ್ತಾರೆ. ಅದರ ಆಕಾರ ಇಂಗ್ಲಿಷ್ ಎಕ್ಸ್. ಉಕ್ರೇನಿಯನ್‌ನಲ್ಲಿ "ಹ" ಇದೆ, ಆದರೆ ಅದು ರಷ್ಯನ್ನರು "ಗ" ಅಂತ ಓದುವ ಅಕ್ಷರ. ಉಕ್ರೇನಿಯನ್ನರ "ಗ"ಕ್ಕೆ ಮೂಲೆಯಲ್ಲಿ ಮೇಲಕ್ಕೆ ಚಾಚಿದ ಕೊಕ್ಕೆಯಿರುತ್ತೆ. 1933ರಲ್ಲಿ ಸೋವಿಯತ್ ಆಡಳಿತ ಅದನ್ನು ತೆಗೆದುಹಾಕಿತ್ತು, 1990ರಲ್ಲಿ ವಾಪಸ್ ಬಂತು. ಚಿಕ್ಕಮಗಳೂರಿನ "ಳ"ಕ್ಕೆ ಯಾವುದರಲ್ಲೂ ಬೇರೆ ಅಕ್ಷರವಿಲ್ಲ, "ಲ"ವೇ ಗತಿ.

ಎಚ್ಚರ ಬೇಕಾದದ್ದು ಇಲ್ಲಿ: ರಷ್ಯನ್‌ನಲ್ಲಿ ದೊಡ್ಡಕ್ಷರದ "ಖಸನ್" ಇಂಗ್ಲಿಷ್‌ನ ಎಕ್ಸ್-ಎ-ಸಿ-ಎ-ಎಚ್ ಥರವೇ ಕಾಣುತ್ತೆ. ಇಂಗ್ಲಿಷ್ ಕೀಬೋರ್ಡಿನಲ್ಲೇ ಹೊಡೆದರೆ ಅಚ್ಚಿನಲ್ಲಿ ವ್ಯತ್ಯಾಸ ತಿಳಿಯಲ್ಲ, ಹುಡುಕಿದರೆ ಸಿಗಲ್ಲ. ಪದ ಆಯ್ದು ಸಣ್ಣಕ್ಷರಕ್ಕೆ ಬದಲಿಸಿ ನೋಡಿ. ಕೊನೆಯದು ಅದೇ ಆಕಾರದಲ್ಲಿ ಕುಗ್ಗಿದರೆ ಸಿರಿಲಿಕ್ "ನ". ಎಡಗಡೆ ಕಡ್ಡಿ ಮೇಲಕ್ಕೆ ಚಾಚಿದರೆ ಇಂಗ್ಲಿಷ್ ಎಚ್, ಅಳಿಸಿ ಮತ್ತೆ ಹೊಡೆಯಿರಿ.

ಡಿಟಿಪಿ ಹಾಸನ:
ಸರ್ಬಿಯಾದಿಂದಲೂ ವಿಚಾರಣೆ ಇದೆ. ಹೆಸರು ಇಟಾಲಿಕ್‌ನಲ್ಲಿ ಬೇಕಂತೆ.

ಲಿಪಿಕಾರ:
ಇಟಾಲಿಕ್ ಬೇಡ ಅನ್ನಿ. ರಷ್ಯನ್ ಇಟಾಲಿಕ್‌ನಲ್ಲಿ "ತ" ಇಂಗ್ಲಿಷ್ ಸಣ್ಣ ಎಮ್‌ನಂತಿರುತ್ತೆ. ಸರ್ಬಿಯನ್‌ನಲ್ಲಿ ಮೂರು ಕಡ್ಡಿ, ಮೇಲೊಂದು ಗೆರೆ. ಎರಡಕ್ಕೂ ಯೂನಿಕೋಡ್ ಸಂಖ್ಯೆ ಒಂದೇ. ಫಾಂಟಿನಲ್ಲಿ ಸರ್ಬಿಯನ್ ರೂಪ ಇದ್ದು, ಸಾಲಿಗೆ ಭಾಷೆ ಸರ್ಬಿಯನ್ ಅಂತ ಕೊಟ್ಟರೆ ಮಾತ್ರ ಸರಿ ಬರುತ್ತೆ. ನೇರ ಅಕ್ಷರಕ್ಕೆ ಇಷ್ಟು ತಾಪತ್ರಯ ಇಲ್ಲ.

ಮಲೆನಾಡ ಮುದ್ರಕ:
ಪ್ರೆಸ್ಸಿಗೆ ಕಳಿಸೋ ಪ್ರತಿಯನ್ನಷ್ಟೇ ಕರ್ವ್ಸ್ ಮಾಡಿ (ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ), ಅಕ್ಷರ ಇರುವ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ. ಕರ್ವ್ಸ್ ಆದಮೇಲೆ ಆ ಸಣ್ಣಕ್ಷರದ ಪರೀಕ್ಷೆ ಮಾಡೋಕಾಗಲ್ಲ.