‘ಹಿಮ್ಮುಖ ಹೊಂದಾಣಿಕೆ’ ಸರಿಯೇ? ‘ಒಗ್ಗು’ ಬಳಸಬಹುದೇ?

ಬಳಗದವರಿಗೆ ನಮಸ್ಕಾರ.

ಮುಕ್ತ ತಂತ್ರಾಂಶಗಳನ್ನು ಪ್ಯಾಕೇಜ್ ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಶೇರ್ಡ್ ಲೈಬ್ರರಿಗಳ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಸಂಕೇತಗಳ) ಅಧ್ಯಾಯದಲ್ಲಿ ‘ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ’ (ಹಳೆಯ ಲೈಬ್ರರಿಯೊಂದಿಗೆ ಕಟ್ಟಿದ, ಅಂದರೆ ಕಂಪೈಲ್ ಮಾಡಿದ ಪ್ರೋಗ್ರಾಂ ಹೊಸ ಲೈಬ್ರರಿಯೊಂದಿಗೂ ನಡೆಯುವುದು) ಎಂಬುದಕ್ಕೆ ‘ಹಿಮ್ಮುಖ ಹೊಂದಾಣಿಕೆ’ ಎಂದು ಬರೆದಿದ್ದೆ. ಕರಡು ಓದಿದ ಸ್ನೇಹಿತರೊಬ್ಬರು ಅದನ್ನು ತಿರುವುಮುರುವಾಗಿ ಅರ್ಥ ಮಾಡಿಕೊಂಡರು. ಹೊಸ ಲೈಬ್ರರಿಯೊಂದಿಗೆ ಕಟ್ಟಿದ ಪ್ರೋಗ್ರಾಂ ಹಳೆಯ ಲೈಬ್ರರಿಯೊಂದಿಗೂ ನಡೆಯುತ್ತದೆ ಎಂದುಕೊಂಡರು. ತಪ್ಪು ಅವರದಲ್ಲ, ಪದದ್ದು.

ನಡೆಯುವುದು ಹೀಗೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 11ನೇ ಆವೃತ್ತಿಯಲ್ಲಿರುವುದು ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.31, ಡೆಬಿಯನ್ 12ರಲ್ಲಿ 2.36. ಹನ್ನೊಂದರಲ್ಲಿ ಕಟ್ಟಿದ ಸಣ್ಣ ಸಿ ಪ್ರೋಗ್ರಾಂ ಹನ್ನೆರಡರಲ್ಲಿ ತಕರಾರಿಲ್ಲದೆ ಓಡುತ್ತದೆ. ಅದೇ ಪ್ರೋಗ್ರಾಮನ್ನು ಹನ್ನೆರಡರಲ್ಲಿ ಕಟ್ಟಿ ಹನ್ನೊಂದಕ್ಕೆ ಒಯ್ದರೆ, ‘ಜಿಲಿಬ್‌ಸಿ 2.34 ಆವೃತ್ತಿ ಸಿಗಲಿಲ್ಲ’ ಎಂದು ಮೊದಲ ಸಾಲೂ ನಡೆಯುವ ಮುನ್ನವೇ ನಿಂತುಬಿಡುತ್ತದೆ. ಪ್ರೋಗ್ರಾಮನ್ನು ಆರಂಭಿಸಿಕೊಡುವ ಫಂಕ್ಷನ್ 2.34ರಲ್ಲಿ ಹೊಸ ಆವೃತ್ತಿಯ ಗುರುತು ಪಡೆಯಿತು. ಹಳೆಯ ಗುರುತನ್ನೂ ಹೊಸ ಲೈಬ್ರರಿ ಉಳಿಸಿಕೊಂಡಿದೆ. ಹೊಸ ಗುರುತು ಹಳೆಯದರಲ್ಲಿ ಎಲ್ಲಿಂದ ಬರಬೇಕು?

ಅಂದರೆ ಇಲ್ಲಿ ಮಾತು ಕೊಡುವುದು ಲೈಬ್ರರಿ ಮಾತ್ರ. ಎಂದೋ ಕಟ್ಟಿಟ್ಟ ಪ್ರೋಗ್ರಾಂ ಒಂದು ಬೈಟಿನಷ್ಟೂ ಬದಲಾಗುವುದಿಲ್ಲ. ‘ಹೊಂದಾಣಿಕೆ’ಯಲ್ಲಾದರೋ ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಡುವ ಅರ್ಥ ಗಟ್ಟಿಯಾಗಿ ಕೂತಿದೆ. ಪತ್ರಿಕೆಗಳ ‘ಸೀಟು ಹೊಂದಾಣಿಕೆ’ಯನ್ನೇ ನೋಡಿ. ಅದರ ಹಿಂದೆ ‘ಹಿಮ್ಮುಖ’ ಸೇರಿಸಿದರೆ ದಿಕ್ಕು ಸ್ಪಷ್ಟವಾಗುವ ಬದಲು ಇನ್ನಷ್ಟು ಕೆಡುತ್ತದೆ.

ನನಗೆ ಹೊಳೆದ ಪದ ‘ಒಗ್ಗು’. ‘ಈ ಔಷಧ ಅವರಿಗೆ ಒಗ್ಗಲಿಲ್ಲ’ ಎನ್ನುತ್ತೇವೆ. ಯಾವುದು ಯಾರಿಗೆ ಎಂಬುದನ್ನು ಚತುರ್ಥಿ ವಿಭಕ್ತಿಯೇ ಹೇಳಿಬಿಡುತ್ತದೆ. ‘ಹೊಸ ಲೈಬ್ರರಿ ಹಳೆಯ ಪ್ರೋಗ್ರಾಮಿಗೆ ಒಗ್ಗುತ್ತದೆ’ ಎಂದರೆ ಯಾರೂ ತಿರುವಿ ಓದಲಾರರು. ಒಗ್ಗದಿದ್ದಾಗ ಆಗುವ ತೊಂದರೆಯೂ ಆ ಕ್ರಿಯಾಪದದೊಳಗೇ ಇದೆ, ಅದೇ ನನಗೆ ಬಹಳ ಹಿಡಿಸಿದ್ದು.

ಎರಡನೆಯ ತೊಡಕು ‘ಬೈನರಿ’ ಎಂಬ ವಿಶೇಷಣ. ‘ದ್ವಿಮಾನ’ ಎಂದರೆ ಓದುಗರ ಮನಸ್ಸು ಸೊನ್ನೆ-ಒಂದರ ಗಣಿತಕ್ಕೆ ಹೋಗುತ್ತದೆ. ಆದರೆ ಮೂಲಸಂಕೇತ ಒಗ್ಗುವುದಕ್ಕೂ ಕಂಪೈಲ್ ಆದ ಬೈನರಿ ರೂಪ ಒಗ್ಗುವುದಕ್ಕೂ ಇರುವ ವ್ಯತ್ಯಾಸ ಹೇಳದೆ ವಿಧಿಯಿಲ್ಲ. 2038ರ ಜನವರಿ 19ರಂದು 32 ಬಿಟ್‌ಗಳ ಕಾಲಗಣನೆ ತುಂಬಿ ಹರಿಯುತ್ತದೆಂದು ಡೆಬಿಯನ್‌ನವರು 2024ರಲ್ಲಿ ಆರ್ಮ್ ಪ್ರೊಸೆಸರ್‌ನ 32 ಬಿಟ್ ಯಂತ್ರಗಳಿಗೆ ಸಮಯದ ಮೌಲ್ಯವನ್ನು ನಾಲ್ಕು ಬೈಟಿನಿಂದ ಎಂಟು ಬೈಟಿಗೆ ಹಿಗ್ಗಿಸಿದರು. ಮೂಲಸಂಕೇತದಲ್ಲಿ ಒಂದಕ್ಷರ ತಿದ್ದದೆಯೂ ಬಹುಪಾಲು ತಂತ್ರಾಂಶ ಮತ್ತೆ ಕಂಪೈಲ್ ಆಗುತ್ತದೆ. ಮೊದಲೇ ಕಂಪೈಲ್ ಆಗಿ ಕೂತಿರುವ ಪ್ರೋಗ್ರಾಂ ಮಾತ್ರ ಎಂಟು ಬೈಟಿನ ಜಾಗದಲ್ಲಿ ನಾಲ್ಕನ್ನೇ ಓದಿ, ಮುಂದಿನ ಪ್ರತಿಯೊಂದು ಅಂಶವನ್ನೂ ತಪ್ಪು ಸ್ಥಾನದಲ್ಲಿ ಹುಡುಕುತ್ತದೆ. ಹಾಗಾಗಿಯೇ ಎಷ್ಟೋ ಲೈಬ್ರರಿ ಪ್ಯಾಕೇಜುಗಳ ಹೆಸರಿನ ಕೊನೆಗೆ 64 ಬಿಟ್ ಸಮಯವನ್ನು ಸೂಚಿಸುವ ‘ಟಿ64’ ಅಂಟಿಕೊಂಡಿತು. ಸದ್ಯಕ್ಕೆ ನಾನು ‘ಮೂಲದಲ್ಲಿ ಒಗ್ಗುತ್ತದೆ, ಕಟ್ಟಿದ ರೂಪದಲ್ಲಿ ಒಗ್ಗದು’ ಎಂದು ಬರೆದಿದ್ದೇನೆ.

ನನ್ನ ಅಳುಕು ಎರಡು. ‘ಒಗ್ಗಿಕೊಳ್ಳು’ ಎಂದಾಗ ಕಾಲಕ್ರಮದಲ್ಲಿ ರೂಢಿಯಾಗುವುದು ಎಂಬ ಅರ್ಥ ಬರುತ್ತದೆ. ಲೈಬ್ರರಿಯ ವಿಷಯದಲ್ಲಿ ಅದು ಸಲ್ಲದು. ‘ಕೊಳ್ಳು’ ಬಿಟ್ಟು ಬಳಸಿದರೆ ಆ ನೆರಳು ಪೂರ್ತಿ ಹೋಗುತ್ತದೆಯೇ? ಇನ್ನು ಅಧ್ಯಾಯದ ಶೀರ್ಷಿಕೆಗೆ ನಾಮಪದ ಬೇಕು. ‘ಒಗ್ಗುವಿಕೆ’ ಭಾರವಾಯಿತು, ‘ಒಗ್ಗಿಕೆ’ ನನ್ನ ಕಿವಿಗೆ ಹಿತವಾಗಿದೆ. ನಿಮ್ಮಲ್ಲಿ ಯಾರಾದರೂ ಆ ರೂಪವನ್ನು ಮಾತಿನಲ್ಲೋ ಬರಹದಲ್ಲೋ ಕಂಡಿದ್ದರೆ ವಾಕ್ಯದ ಸಮೇತ ತಿಳಿಸಿ.