ಉಮಾಶ್ರೀ ಬಗ್ಗೆ ಮಗಳು ಕೇಳಿದ ಪ್ರಶ್ನೆಗೆ

ಎಲ್ಲರೂ ಆರಾಮಾ? ಈ ವಾಯ್ಸ್ ಮೆಸೇಜ್ ಸ್ವಲ್ಪ ಉದ್ದ ಆಗುತ್ತದೆ. ಅಡುಗೆ ಮಾಡುತ್ತಾ, ಬಟ್ಟೆ ಮಡಚುತ್ತಾ ಕೇಳಿದರೆ ಸಾಕು.

ನಿನ್ನೆ ರಾತ್ರಿ ಅಣ್ಣನ ಮಗಳು ಬೆಂಗಳೂರಿನಿಂದ ಗ್ರೂಪಿಗೆ ಒಂದು ಹಳೇ ಕಾಮಿಡಿ ವಿಡಿಯೊ ಹಾಕಿದಳು, ನೋಡಿದ್ದೀರಲ್ಲ? ನಟಿ ಉಮಾಶ್ರೀ ಮತ್ತು ಹಾಸ್ಯ ನಟ ಎನ್.ಎಸ್. ರಾವ್ ಜೋಡಿಯದ್ದು. ಕೆಳಗೆ ಕೇಳಿದ್ದಾಳೆ, "'ಪುಟ್ಟಕ್ಕನ ಮಕ್ಕಳು' ಸೀರಿಯಲ್‌ನ ಪುಟ್ಟಕ್ಕ ಇವರೇನಾ? ಇಂಥ ಡಬಲ್ ಮೀನಿಂಗ್ ಮಾಡುತ್ತಿದ್ದವರಿಗೆ ರಾಷ್ಟ್ರ ಪ್ರಶಸ್ತಿ ಹೇಗೆ ಬಂತು ಅತ್ತೆ?" ಅದಕ್ಕೆ ಚಿಕ್ಕಿ ಉತ್ತರ ಕೊಟ್ಟರು, "ಮೊದಲು ಹಾಗಿದ್ದರು ಮಗಾ, ಆಮೇಲೆ ಸುಧಾರಿಸಿದರು" ಅಂತ. ಚಿಕ್ಕಿ, ನೀವು ದೊಡ್ಡವರು. ಆದರೂ ಇದನ್ನು ನಾನು ಒಪ್ಪುವುದಿಲ್ಲ. ಉಮಾಶ್ರೀ ಮೊದಲಿನಿಂದಲೂ ದೊಡ್ಡ ನಟಿ. ಅವರಿಗೆ ಸಿಕ್ಕಿದ ಪಾತ್ರಗಳು ಸಣ್ಣವಾಗಿದ್ದವು, ಅಷ್ಟೇ. ಅದನ್ನೇ ಹೇಳೋಣ ಅಂತ ಕೂತಿದ್ದೇನೆ.

ಮಗಳೇ, ಅವರು ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಸಿನಿಮಾದವರ ಮನೆಯಲ್ಲಿ ಹುಟ್ಟಿದವರಲ್ಲ, ಕೈ ಹಿಡಿದು ಮೇಲೆ ತಂದವರೂ ಯಾರೂ ಇರಲಿಲ್ಲ. ಇಬ್ಬರು ಮಕ್ಕಳನ್ನು ಒಬ್ಬರೇ ಸಾಕಿದರು. ಕಲಿತದ್ದೆಲ್ಲಾ ನಾಟಕದಲ್ಲಿ. ದೇವನೂರ ಮಹಾದೇವ ಅವರ 'ಒಡಲಾಳ' ಓದಿದ್ದೀಯಾ? ಇಲ್ಲದಿದ್ದರೆ ಓದು, ಸಣ್ಣ ಪುಸ್ತಕ. ಅದನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದರು. ಅದರಲ್ಲಿ ಸಾಕವ್ವ ಅಂತ ಒಂದು ಮುದುಕಿ. ಅವಳ ಹುಂಜ ಕಳೆದುಹೋಗಿದೆ. ಹುಡುಕುತ್ತಾ ತಿರುಗುತ್ತಾಳೆ, ಬೈಯುತ್ತಾಳೆ, ಮನೆಯವರನ್ನೆಲ್ಲಾ ಕಾಯುತ್ತಾಳೆ. ರಾತ್ರಿ ಮನೆಮಂದಿಯೆಲ್ಲಾ ಬೆಂಕಿ ಸುತ್ತ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ, ಬೆಳಿಗ್ಗೆ ಪೊಲೀಸರು ಬರುತ್ತಾರೆ. ಆ ಸಾಕವ್ವ ಉಮಾಶ್ರೀ. ಆಗ ಅವರಿನ್ನೂ ಎಳೆಯ ಹೆಂಗಸು. ಮೈ ಬಗ್ಗಿಸಿದರೆ, ದನಿ ನಡುಗಿಸಿದರೆ ಮುದುಕಿ ಆಗುವುದಿಲ್ಲ. ಹಸಿದ ಮನೆಯನ್ನು ತಲೆ ಮೇಲೆ ಹೊತ್ತ ಹೆಂಗಸಿನ ಗತ್ತು ಬೇಕು. ಅದು ಅವರಲ್ಲಿತ್ತು. ನಾಟಕದ ಮಂದಿ ಇವತ್ತಿಗೂ ಸಾಕವ್ವ ಅಂದರೆ ಉಮಾಶ್ರೀ ಹೆಸರೇ ಹೇಳುತ್ತಾರೆ.

ಈಗ ಸಿನಿಮಾಕ್ಕೆ ಬರೋಣ. 1984ರಲ್ಲಿ ಕಾಶೀನಾಥ್ ಅವರ 'ಅನುಭವ' ಬಂತು. ಅದರಿಂದ ಉಮಾಶ್ರೀ ಹೆಸರು ಊರೂರಿಗೆ ಗೊತ್ತಾಯಿತು. ಗೊತ್ತಾದದ್ದು ಯಾವ ರೀತಿಯಲ್ಲಿ ಅಂದರೆ, ಆಮೇಲೆ ಬಂದ ನಿರ್ಮಾಪಕರೆಲ್ಲಾ ಅದೇ ಅಚ್ಚಿನ ಪಾತ್ರ ಕೊಟ್ಟರು. ಆ ಕಾಲದಲ್ಲಿ ಎಷ್ಟೋ ಸಿನಿಮಾಗಳಲ್ಲಿ ಕಥೆ ಒಂದು ಕಡೆ, ಕಾಮಿಡಿ ಒಂದು ಕಡೆ. ಕಾಮಿಡಿ ಟ್ರ್ಯಾಕ್ ಅಂತಲೇ ಬೇರೆ ಬರೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿ ಮಧ್ಯೆ ಮಧ್ಯೆ ಅಂಟಿಸುತ್ತಿದ್ದರು. ಅಲ್ಲಿ ಹೆಂಗಸಿನ ಪಾತ್ರ ಅಂದರೆ ಒಂದೋ ಜಗಳಗಂಟಿ ಹೆಂಡತಿ, ಇಲ್ಲವೇ ಗಂಡಸರು ಕಣ್ಣು ಹಾಕುವ ಪಕ್ಕದ ಮನೆಯವಳು.

ನಾವೆಲ್ಲಾ ಉಡುಪಿಯ ಅಲಂಕಾರ್‌ನಲ್ಲಿ, ಕಲ್ಪನಾದಲ್ಲಿ ಸಿನಿಮಾ ನೋಡುತ್ತಾ ಬೆಳೆದವರು. ಅವರು ತೆರೆ ಮೇಲೆ ಬಂದ ಕೂಡಲೇ ಶಿಳ್ಳೆ. ಹೊರಗೆ ಬಂದ ಮೇಲೆ ಅದೇ ಜನ "ಛೀ, ಎಂಥ ಮಾತು" ಅನ್ನುವುದು. ಆ ಮಾತು ಬರೆದವರು ಬೇರೆ. ತೆಗೆದವರು ಬೇರೆ. ಅದರಿಂದ ದುಡ್ಡು ಮಾಡಿದವರು ಬೇರೆ. ಬೈಸಿಕೊಂಡವರು ಮಾತ್ರ ಆ ಹೆಣ್ಣು ಮಗಳು. ಜೊತೆಗೆ ನಟಿಸಿದ ಗಂಡಸರನ್ನು ಯಾರಾದರೂ ಹಾಗೆ ಬೈದದ್ದು ನಾನು ಕೇಳಿಲ್ಲ. ಅವರಿಗೆ "ಒಳ್ಳೇ ಹಾಸ್ಯ ನಟ" ಅಂತ ಹೆಸರು. ಚಿಕ್ಕಿ, ಇದು ನ್ಯಾಯವಾ ಹೇಳಿ.

ಮಗಳೇ, ನೀನು ಹಾಕಿದ ಆ ವಿಡಿಯೊವನ್ನೇ ಇನ್ನೊಮ್ಮೆ ನೋಡು. ಮಾತು ಬಿಟ್ಟುಬಿಡು, ಶಬ್ದ ಕಡಿಮೆ ಮಾಡಿ ನೋಡಿದರೂ ಆಯಿತು. ಎದುರಿನವರು ಮಾತಾಡುವಾಗ ಉಮಾಶ್ರೀ ಎಂಥ ಮಾಡುತ್ತಾರೆ ಅಂತ ಗಮನಿಸು. ಹೆಚ್ಚಿನ ನಟರು ತಮ್ಮ ಸರದಿ ಬರುವವರೆಗೆ ಸುಮ್ನೆ ನಿಲ್ಲುತ್ತಾರೆ. ಇವರು ಕೇಳಿಸಿಕೊಳ್ಳುತ್ತಾರೆ. ಮಾತು ಕಿವಿಗೆ ಬಿದ್ದು, ಅರ್ಥ ಆಗಿ, ಆಮೇಲೆ ಮುಖ ಬದಲಾಗುತ್ತದೆ. ನಗು ಬರುವುದೇ ಆ ಜಾಗದಲ್ಲಿ. ಅದು ನಾಟಕದಲ್ಲಿ ಬೆವರು ಸುರಿಸಿ ಕಲಿತ ವಿದ್ಯೆ, ಅಗ್ಗದ ಮಾತಿಗೆ ಖರ್ಚಾಯಿತು ಅಂತ ನನಗೆ ಬೇಜಾರು ಉಂಟು. ಆದರೆ ವಿದ್ಯೆ ಅಗ್ಗದ್ದಲ್ಲ.

ಯಕ್ಷಗಾನ ನೋಡಿದ ನಮಗೆ ಇದು ಬೇಗ ಅರ್ಥ ಆಗಬೇಕು. ಮೇಳದಲ್ಲಿ, ಅಂದರೆ ಯಕ್ಷಗಾನದ ತಂಡದಲ್ಲಿ, ಹಾಸ್ಯಗಾರ ಅಂದರೆ ಸಣ್ಣ ಕಲಾವಿದ ಅಂತ ಯಾರಾದರೂ ಹೇಳುತ್ತಾರಾ? ಎಲ್ಲಾ ಪ್ರಸಂಗ, ಅಂದರೆ ಆಡುವ ಕಥೆ, ಗೊತ್ತಿರಬೇಕು, ಎಲ್ಲರ ಅರ್ಥಕ್ಕೂ, ಅಂದರೆ ವೇಷದವರು ಆಡುವ ಮಾತಿಗೂ, ಉತ್ತರ ಕೊಡಬೇಕು. ನಳ ದಮಯಂತಿಯಲ್ಲಿ ಬಾಹುಕನ ವೇಷ ಅವರಿಗೇ. ಕುರೂಪಿಯಾಗಿ ಬಂದು ನಗಿಸಬೇಕು, ಒಳಗೆ ಹೆಂಡತಿಯಿಂದ ದೂರವಾದ ನಳನ ಸಂಕಟವೂ ಕಾಣಬೇಕು. ಅದನ್ನು ಮಾಡುವವನನ್ನು ನಾವು ತಲೆ ಮೇಲೆ ಹೊತ್ತುಕೊಳ್ಳುತ್ತೇವೆ. ಸಿನಿಮಾದಲ್ಲಿ ಅದೇ ಕೆಲಸ ಒಬ್ಬ ಹೆಂಗಸು ಮಾಡಿದರೆ ಮೂಗು ಮುರಿಯುತ್ತೇವೆ.

ಈಗ ರಾಷ್ಟ್ರ ಪ್ರಶಸ್ತಿ ಕಥೆ. ಇದು ನಮ್ಮ ಕಡೆಯದ್ದೇ, ಅದಕ್ಕೇ ಇಷ್ಟು ಹೇಳಬೇಕು. ಕುಂದಾಪುರದ ವೈದೇಹಿಯವರು 'ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು' ಅಂತ ಕಥೆ ಬರೆದಿದ್ದಾರೆ. ಅದರಲ್ಲಿ ಊರಿಗೆ ಹೆಂಗಸರ ಟಾಕೀಸು ಬರುತ್ತದೆ. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡುವಾಗ ಕಾಲವನ್ನು ಮುಂದೆ ತಂದರು. ಕಾರ್ಗಿಲ್ ಯುದ್ಧದ ಸಮಯ, 1999ರ ಹೊತ್ತು. ಟಾಕೀಸಿನ ಬದಲು ಊರಿಗೆ ಬರುವುದು ಡಿಶ್ ಇರುವ ಟಿ.ವಿ. ಸಿನಿಮಾ ಹೆಸರು 'ಗುಲಾಬಿ ಟಾಕೀಸ್', 2008.

ಗುಲಾಬಿ ಕುಂದಾಪುರ ಕಡೆಯ ಮೀನುಗಾರರ ಊರಿನಲ್ಲಿ ಇರುವ ಮುಸ್ಲಿಂ ಹೆಂಗಸು. ಹೆರಿಗೆ ಮಾಡಿಸುವುದು ಅವಳ ಕೆಲಸ. ಗಂಡ ಮೂಸಾ ಮೀನು ವ್ಯಾಪಾರದವನು, ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆ. ಇವಳಿಗೆ ಇರುವ ಒಂದೇ ಹುಚ್ಚು ಸಿನಿಮಾ. ಒಂದು ಕಷ್ಟದ ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರು ಟಿ.ವಿ. ಕೊಡುತ್ತಾರೆ. ಅವಳ ಗುಡಿಸಲಿಗೆ ಟಿ.ವಿ. ಬಂದಾಗ ಊರ ಹೆಂಗಸರಿಗೆಲ್ಲಾ ನೋಡುವ ಆಸೆ. ಕೆಲವರು ಒಳಗೆ ಬರುತ್ತಾರೆ. ಕೆಲವರು ಅವಳ ಮನೆ ಅಂತ ಹೊರಗೇ ನಿಂತು ನೋಡುತ್ತಾರೆ. ಕೆಲವರು ಆ ಕಡೆ ಸುಳಿಯುವುದೇ ಇಲ್ಲ. ಬಾಗಿಲ ಹತ್ತಿರದ ಆ ನಾಲ್ಕು ಅಡಿ ಜಾಗದಲ್ಲಿ ಇಡೀ ಊರಿನ ಲೆಕ್ಕಾಚಾರ ಕಾಣುತ್ತದೆ ಮಾರಾಯ್ತಿ.

ಇಲ್ಲಿ ಉಮಾಶ್ರೀ ಏನು ಮಾಡಿದ್ದಾರೆ ಅಂತ ನೋಡು. ಗುಲಾಬಿಯನ್ನು ಪಾಪದವಳು ಅಂತ ತೋರಿಸುವುದು ಸುಲಭ ಇತ್ತು. ಗಂಡ ಬಿಟ್ಟವಳು, ಮಕ್ಕಳಿಲ್ಲದವಳು, ಒಬ್ಬಂಟಿ. ಬೇರೆ ಯಾರಾದರೂ ಆಗಿದ್ದರೆ ಮೊದಲಿನಿಂದಲೇ ಕಣ್ಣೀರು ಹಾಕುತ್ತಿದ್ದರು. ಇವರು ಗುಲಾಬಿಗೆ ಖುಷಿ ಕೊಟ್ಟಿದ್ದಾರೆ, ಜಂಬ ಕೊಟ್ಟಿದ್ದಾರೆ, ಸ್ವಲ್ಪ ಹಟವನ್ನೂ ಕೊಟ್ಟಿದ್ದಾರೆ. ಟಿ.ವಿ. ಮುಂದೆ ಕೂತಾಗ ಆ ಮುಖದ ಸಂತೋಷ ನೋಡಿದರೆ ನಮಗೂ ನಗು ಬರುತ್ತದೆ. ಆ ನಗು ಬಂದದ್ದಕ್ಕೇ ಆಮೇಲೆ ನಮ್ಮ ಹೊಟ್ಟೆ ಉರಿಯುವುದು. ನಗಿಸಲು ಗೊತ್ತಿಲ್ಲದ ನಟಿಯಿಂದ ಗುಲಾಬಿ ಆಗುತ್ತಿರಲಿಲ್ಲ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಮಾತು ಕೂಡ. ಬಯಲುಸೀಮೆಯ ಹೆಂಗಸು ನಮ್ಮ ಕುಂದಾಪುರದ ಕಡೆಯ ಮಾತು ಆಡುವುದು ಸುಲಭ ಅಲ್ಲ. ಎಷ್ಟೋ ಸಿನಿಮಾಗಳಲ್ಲಿ ಕರಾವಳಿ ಮಾತು ಅಂತ ಏನೋ ಎಳೆದು ಎಳೆದು ಹೇಳಿ ನಮಗೆ ಸಿಟ್ಟು ಬರಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಮಾತಿಗಿಂತ ಜಾಸ್ತಿ ನನಗೆ ಮೆಚ್ಚುಗೆಯಾದದ್ದು ನಡಿಗೆ. ಇಲ್ಲಿನ ಮಣ್ಣಲ್ಲಿ, ಹೊಯ್ಗೆಯಲ್ಲಿ (ಮರಳಿನಲ್ಲಿ) ನಡೆದು ಅಭ್ಯಾಸ ಇರುವವರ ಹಾಗೆ ಕಾಣುತ್ತಾರೆ.

ಆಮೇಲೆ ನೇತ್ರು ಅಂತ ಒಬ್ಬಳು ಬರುತ್ತಾಳೆ. ಎಂ.ಡಿ. ಪಲ್ಲವಿ ಮಾಡಿದ್ದು. ಗಂಡ ದೂರ, ಅತ್ತೆ ಜೋರು. ಗುಲಾಬಿಗೂ ಅವಳಿಗೂ ಸ್ನೇಹ ಆಗುತ್ತದೆ. ಒಂದು ದಿನ ನೇತ್ರು ಕಾಣೆ. ಊರಿನಲ್ಲಿ ಅಷ್ಟರಲ್ಲೇ ಬೋಟು, ಮೀನು, ದುಡ್ಡು, ಜಾತಿ ಧರ್ಮ ಎಲ್ಲಾ ಸೇರಿ ಬಿಸಿಯಾಗಿತ್ತು. ತಪ್ಪು ಯಾರ ತಲೆಗೆ ಬಂತು ಅಂತ ನಾನು ಹೇಳಬೇಕಾ? ಕೊನೆ ಮಾತ್ರ ಹೇಳುವುದಿಲ್ಲ. ಮಲ್ಪೆ, ಗಂಗೊಳ್ಳಿಯಂಥ ಮೀನುಗಾರರ ಊರು ನೋಡಿದ ನಮ್ಮಂಥವರಿಗೆ ಅದು ಬರೀ ಸಿನಿಮಾ ಅನ್ನಿಸುವುದಿಲ್ಲ.

ಆ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಕನ್ನಡ ಸಿನಿಮಾಕ್ಕೆ ಅದಕ್ಕಿಂತ ಮೊದಲು ಆ ಪ್ರಶಸ್ತಿ ತಂದವರು ಇಬ್ಬರೇ. 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ಮತ್ತೆ 'ಹಸೀನಾ' ಚಿತ್ರಕ್ಕೆ ತಾರಾ. 'ಹಸೀನಾ' ಕೂಡ ಕಾಸರವಳ್ಳಿಯವರದ್ದೇ. ಉಮಾಶ್ರೀಗೆ ಆಗ ಐವತ್ತು ದಾಟಿತ್ತು. 'ಅನುಭವ' ಬಂದು ಇಪ್ಪತ್ತನಾಲ್ಕು ವರ್ಷ. ಅಷ್ಟು ವರ್ಷ ಅವರ ಒಳಗೆ ಸಾಕವ್ವ ಇದ್ದಳು, ಸಿನಿಮಾದವರು ಕೇಳಲಿಲ್ಲ. ಕಾಸರವಳ್ಳಿಯವರು ಕೇಳಿದರು.

ಉಮಾಶ್ರೀ ರಾಜಕೀಯಕ್ಕೆ ಹೋದದ್ದರ ಬಗ್ಗೆ ಅಣ್ಣ ಕೇಳಿದ್ದಕ್ಕೆ ಒಂದೇ ಮಾತು. 2013ರಲ್ಲಿ ತೇರದಾಳದಿಂದ ವಿಧಾನಸಭೆಗೆ ಗೆದ್ದರು, ಸಿದ್ದರಾಮಯ್ಯ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಖಾತೆ, ಕನ್ನಡ ಮತ್ತು ಸಂಸ್ಕೃತಿ ಖಾತೆ ನೋಡಿಕೊಂಡರು. ಪಕ್ಷದ ವಿಷಯ ಈ ಗ್ರೂಪಲ್ಲಿ ಬೇಡ, ಹಬ್ಬಕ್ಕೆ ಎಲ್ಲರೂ ಸೇರುವುದಿದೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಮಂತ್ರಿಯಾದ ಮೇಲೆ ಹೆಚ್ಚಿನವರು ಬಣ್ಣ ಹಚ್ಚುವುದು ತಮಗೆ ಕಡಿಮೆ ಅಂದುಕೊಳ್ಳುತ್ತಾರೆ. ಇವರು ವಾಪಸ್ ಬಂದದ್ದು ದಿನಾ ಬರುವ ಸೀರಿಯಲ್‌ಗೆ.

'ಪುಟ್ಟಕ್ಕನ ಮಕ್ಕಳು' ಶುರುವಾದದ್ದು 2021ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ ಅರವತ್ತನಾಲ್ಕು. ಆರೂರು ಜಗದೀಶ್ ನಿರ್ದೇಶನ. ಗಂಡು ಮಗು ಹೆರಲಿಲ್ಲ ಅಂತ ಗಂಡ ಬಿಟ್ಟು ಇನ್ನೊಬ್ಬಳ ಜೊತೆ ಹೋಗಿದ್ದಾನೆ, ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣು ಮಕ್ಕಳನ್ನು ಸಾಕುತ್ತಾಳೆ. ಸಾಕವ್ವ, ಗುಲಾಬಿ, ಪುಟ್ಟಕ್ಕ. ನೋಡು, ಮೂವರೂ ತಮ್ಮ ಮನೆಯನ್ನು ತಾವೇ ಹೊತ್ತವರು. ಆದರೆ ಒಬ್ಬಳ ಹಾಗೆ ಇನ್ನೊಬ್ಬಳಿಲ್ಲ. ಸಾಕವ್ವನಿಗೆ ಬಾಯಿ, ಗುಲಾಬಿಗೆ ಕನಸು, ಪುಟ್ಟಕ್ಕನಿಗೆ ತಾಳ್ಮೆ.

ಸೀರಿಯಲ್ ನಟನೆ ಸುಲಭ ಅಂತ ಯಾರೂ ತಿಳಿಯಬೇಡಿ. ಸಿನಿಮಾದಲ್ಲಿ ಒಂದು ದೃಶ್ಯಕ್ಕೆ ಸಮಯ ಸಿಗುತ್ತದೆ. ಇಲ್ಲಿ ದಿನಕ್ಕೆ ಪುಟಗಟ್ಟಲೆ ಮಾತು, ಹತ್ತಿರದಿಂದ ಕ್ಯಾಮೆರಾ, ಒಂದೇ ಅಳುವನ್ನು ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ಅಳಬೇಕು. 2024ರಲ್ಲಿ ಪುಟ್ಟಕ್ಕನ ಮಗಳು ಸ್ನೇಹಾ ಸತ್ತ ಕಂತುಗಳು ಬಂದಾಗ ನಮ್ಮ ಮನೆಯಲ್ಲಿ ಯಾರಿಗೂ ಸರಿ ಊಟ ಸೇರಲಿಲ್ಲ. ಚಿಕ್ಕಿ, ನೀವು ಆಗ ಇದೇ ಗ್ರೂಪಿಗೆ "ಪುಟ್ಟಕ್ಕನ ಮುಖ ನೋಡಲಿಕ್ಕೆ ಆಗುವುದಿಲ್ಲ" ಅಂತ ಹಾಕಿದ್ದಿರಿ. ನಿಮ್ಮನ್ನು ಹಾಗೆ ಅಳಿಸಿದ್ದು ಆ ಕಾಮಿಡಿ ವಿಡಿಯೊದ ಹೆಂಗಸೇ.

ಇನ್ನು ಒಂದೇ ವಿಷಯ. 2024ರ ಜನವರಿಯಲ್ಲಿ ಹೊನ್ನಾವರದಲ್ಲಿ ನಮ್ಮ ಪೆರ್ಡೂರು ಮೇಳದ ಯಕ್ಷಗಾನ ಆಟದಲ್ಲಿ ಅವರು ಮಂಥರೆ ಮಾಡಿದರು. ರಾಮನ ಪಟ್ಟಾಭಿಷೇಕದ ಪ್ರಸಂಗ. ಅಣ್ಣ, ನಿಮಗೆ ಗೊತ್ತಲ್ಲ, ಮಂಥರೆ ಸಾಮಾನ್ಯವಾಗಿ ಹಾಸ್ಯಗಾರರ ವೇಷ. ಯಕ್ಷಗಾನದಲ್ಲಿ ಬರೆದುಕೊಟ್ಟ ಡೈಲಾಗ್ ಇಲ್ಲ. ಹಾಡುವ ಭಾಗವತರು ಪದ ಹೇಳಿದ ಮೇಲೆ ಅರ್ಥ ನಾವೇ ಹೇಳಬೇಕು, ಎದುರು ವೇಷದವರು ಏನು ಕೇಳಿದರೂ ಆ ಕ್ಷಣಕ್ಕೆ ಉತ್ತರ ಬರಬೇಕು. ಚಂಡೆ ಮದ್ದಳೆಗೆ ಹೆಜ್ಜೆ ತಪ್ಪಬಾರದು. ಅರವತ್ತಾರರ ವಯಸ್ಸಿನಲ್ಲಿ, ರಾಷ್ಟ್ರ ಪ್ರಶಸ್ತಿ ಬಂದ ಮೇಲೆ, ಮಂತ್ರಿಯಾದ ಮೇಲೆ, ಗೊತ್ತಿಲ್ಲದ ಒಂದು ಕಲೆಗೆ ಕಲಿಯುವವರ ಹಾಗೆ ಬಂದು ನಿಂತರು. ಸಿನಿಮಾದವರು ಯಕ್ಷಗಾನದ ಒಳಗೆ ಬಂದರೆ ಹಾಳಾಗುತ್ತದೆ ಅನ್ನುವವರು ನಮ್ಮ ಕಡೆ ತುಂಬಾ ಇದ್ದಾರೆ, ನಾನೂ ಎಷ್ಟೋ ಸಲ ಆ ಪಕ್ಷವೇ. ಆದರೆ ಮಂಥರೆಗೆ ಇವರಿಗಿಂತ ತಕ್ಕವರು ಯಾರು ಹೇಳಿ. ನಗಿಸುತ್ತಾ ಬರಬೇಕು, ಕೈಕೇಯಿಯ ಮನಸ್ಸು ಕೆಡಿಸಿ ಹೋಗಬೇಕು.

ಮಗಳೇ, ಈ ವಾರ ಬಿಡುವು ಇದ್ದರೆ 'ಗುಲಾಬಿ ಟಾಕೀಸ್' ನೋಡು. ಮೊಬೈಲ್‌ನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡು, ಮಧ್ಯೆ ಮಧ್ಯೆ ಓಡಿಸಬೇಡ. ವೈದೇಹಿಯವರ ಪುಸ್ತಕ ನನ್ನ ಕಪಾಟಿನಲ್ಲಿ ಉಂಟು, ಊರಿಗೆ ಬಂದಾಗ ತೆಗೆದುಕೊಂಡು ಹೋಗು. ಅಣ್ಣ, ಆ ಮಂಥರೆಯ ಆಟದ ಪೂರ್ತಿ ವಿಡಿಯೊ ನಿಮ್ಮ ಯಕ್ಷಗಾನದ ಗ್ರೂಪಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಕೇಳಿ ಇಲ್ಲಿ ಹಾಕಿ. ನನ್ನ ಹತ್ತಿರ ಇರುವುದು ಬರೀ ತುಂಡು. ಚಿಕ್ಕಿಗೂ ತೋರಿಸಬೇಕು.